ಬೆಲೆ ಇಳಿದರೆ ನಮ್ಮ ಕರ್ಮ, ಏರಿದರೆ ಬಾಗಿಲಿಗೆ ಬೀಗ



ವಾರದ ಕೊನೆಯಲ್ಲಿ ಪೇಪರಿನ ವಾಣಿಜ್ಯ ಪುಟ ತೆಗೆದು ನೋಡಿ. ಮುಂದಿನ ವಾರ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಏರಿಸುತ್ತೋ ಇಳಿಸುತ್ತೋ, ನಮ್ಮ ರಿಸರ್ವ್ ಬ್ಯಾಂಕು ಏನು ಹೇಳುತ್ತೋ, ಡಾಲರ್ ಎಲ್ಲಿ ನಿಲ್ಲುತ್ತೋ ಎಂದು ಪಂಡಿತರು ಪಂಚಾಂಗ ಬರೆದಿರುತ್ತಾರೆ. ನಾವು ಆ ಪುಟ ಮಡಚಿ ಬೋಂಡ ಕಟ್ಟೋಕೆ ಕೊಡುತ್ತೇವೆ. 'ಷೇರು ಇರೋರ ಗೋಳು, ನಮಗ್ಯಾಕಪ್ಪ?' ಅಂತೀವಿ. ಇನ್ನು ಹಾಗೆ ಅನ್ನಬೇಡಿ. ಗಂಜಾಂ ಬಯಲಿನ ಕಬ್ಬು, ಪಾಂಡವಪುರದ ಕೂಳೆ, ಕೆ.ಆರ್. ಪೇಟೆಯ ಭತ್ತ, ನಾಗಮಂಗಲದ ಬೆದ್ದಲಿನ ಬೋರ್‌ವೆಲ್ ಸಾಲ, ಎಲ್ಲದರ ಹಣೆಬರಹ ಆ ಪುಟದಲ್ಲಿದೆ. ಬರೆಯುವವರು ಅವರು, ತೆರುವವರು ನಾವು.

ಈ ಸಭೆಗಳು ಏನೆಂದು ಮೊದಲು ತಿಳಿಯೋಣ. ಅಮೆರಿಕದಲ್ಲಿ ವರ್ಷಕ್ಕೆ ಎಂಟು ಸಲ ಹನ್ನೆರಡು ಮಂದಿ ಓಟು ಹಾಕಿ ಡಾಲರಿನ ಬಡ್ಡಿ ಗೊತ್ತು ಮಾಡುತ್ತಾರೆ. ಮುಂಬಯಿಯಲ್ಲಿ ಎರಡು ತಿಂಗಳಿಗೊಮ್ಮೆ ಆರು ಮಂದಿ ಕೂರುತ್ತಾರೆ. ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ದಿಲ್ಲಿ ಸರ್ಕಾರ ನೇಮಿಸಿದವರು. 2016ರಲ್ಲಿ ಕಾನೂನು ತಿದ್ದಿ ಇವರಿಗೆ ಒಂದು ಗುರಿ ಕೊಟ್ಟರು: ಕೊಳ್ಳುವವನ ಬೆಲೆ ವರ್ಷಕ್ಕೆ ಶೇಕಡ 4ರ ಆಸುಪಾಸು ಏರಲಿ, 6 ದಾಟದಿರಲಿ. 2021ರಲ್ಲಿ ಮತ್ತೆ ಐದು ವರ್ಷಕ್ಕೆ ಅದನ್ನೇ ಮುಂದುವರಿಸಿದರು. ಬೆಳೆಯುವವನ ಖರ್ಚು ಎಷ್ಟು ಏರಬಹುದು, ಅವನ ಕೈಯಲ್ಲಿ ಎಷ್ಟು ಉಳಿಯಬೇಕು ಎಂಬುದಕ್ಕೆ ಯಾವ ಗುರಿಯೂ ಇಲ್ಲ. 2012ನ್ನು ಆಧಾರ ವರ್ಷ ಮಾಡಿಕೊಂಡ ಬೆಲೆ ಸೂಚ್ಯಂಕದಲ್ಲಿ ನೂರಕ್ಕೆ ಸುಮಾರು 46 ಪಾಲು ಆಹಾರ ಪಾನೀಯದ್ದು. ಅಂದರೆ ಅವರು 'ಹಣದುಬ್ಬರ' ಎಂದು ಕರೆದ ರೋಗದಲ್ಲಿ ಅರ್ಧದ ಹತ್ತಿರ ನಾವು ಬೆಳೆದ ಮಾಲು!

ಈಗ ಕಬ್ಬಿನ ಕಥೆ ಕೇಳಿ. ಸಕ್ಕರೆಯ ಲೋಕದ ಬೆಲೆ ನಿಲ್ಲುವುದು ನ್ಯೂಯಾರ್ಕಿನ ಪೇಟೆಯಲ್ಲಿ. ಎಲ್ಲರಿಗಿಂತ ಹೆಚ್ಚು ಸಕ್ಕರೆ ಹೊರಗೆ ಮಾರುವ ದೇಶ ಬ್ರೆಜಿಲ್. 2014-15ರಲ್ಲಿ ಅಮೆರಿಕ ಬಡ್ಡಿ ಏರಿಸುತ್ತದೆ ಎಂಬ ಸುದ್ದಿಗೇ ಡಾಲರ್ ಬಲವಾಯಿತು. ಬ್ರೆಜಿಲ್ಲಿನ ಮನೆಯೊಳಗಿನ ತಾಪತ್ರಯವೂ ಸೇರಿ ಅದರ ರಿಯಲ್ ನಾಣ್ಯ ಕುಸಿದು, 2015ರ ಸೆಪ್ಟೆಂಬರಿನಲ್ಲಿ ಒಂದು ಡಾಲರಿಗೆ ನಾಲ್ಕು ರಿಯಲ್ ದಾಟಿತು. ಡಾಲರಿಗೆ ಮಾರಿದಷ್ಟೂ ಅಲ್ಲಿನ ಮಿಲ್ಲಿಗೆ ಸ್ವಂತ ನಾಣ್ಯದಲ್ಲಿ ಲಾಭ; ಸುರಿದರು. ಲೋಕದಲ್ಲಿ ಮೊದಲೇ ಸಕ್ಕರೆ ಹೆಚ್ಚಾಗಿತ್ತು. 2015ರ ಆಗಸ್ಟಿನಲ್ಲಿ ಒಂದು ಪೌಂಡಿನ ಬೆಲೆ ಹತ್ತು ಅಮೆರಿಕನ್ ಸೆಂಟಿನ ಹತ್ತಿರಕ್ಕೆ, ಏಳು ವರ್ಷದ ತಳಕ್ಕೆ ಬಿತ್ತು. ನಮ್ಮ ಸಕ್ಕರೆ ಹೊರಗೆ ಹೋಗಲಿಲ್ಲ, ಗೋಡೌನಿನಲ್ಲಿ ರಾಶಿ ಬಿತ್ತು. ಕಬ್ಬಿಗೆ ಕ್ವಿಂಟಾಲಿಗೆ 220 ರೂಪಾಯಿ ಎಂದು ದಿಲ್ಲಿ ಸಾರಿತ್ತು ನಿಜ. ಕಾಗದದ ಬೆಲೆ ಇಳಿಯಲಿಲ್ಲ, ಕೈಗೆ ದುಡ್ಡು ಬರಲಿಲ್ಲ. ಆ ವರ್ಷ ಮಂಡ್ಯ ಜಿಲ್ಲೆಯ ಎಷ್ಟು ಮನೆಗಳಲ್ಲಿ ಸಾವಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆಗ ದೊಡ್ಡವರು ಕೊಟ್ಟ ಉತ್ತರ: 'ಇದು ಅಂತರರಾಷ್ಟ್ರೀಯ ಮಾರುಕಟ್ಟೆ, ನಾವೇನು ಮಾಡೋಕಾಗುತ್ತೆ?'

ಸರಿ, ಮಾರುಕಟ್ಟೆಯನ್ನೇ ಒಪ್ಪಿಕೊಳ್ಳೋಣ. 2023ರ ನವೆಂಬರಿನಲ್ಲಿ ಅದೇ ಪೌಂಡು ಸಕ್ಕರೆ 28 ಸೆಂಟಿನ ಹತ್ತಿರ ಹೋಯಿತು. ಹನ್ನೆರಡು ವರ್ಷದಲ್ಲಿ ಕಾಣದ ಬೆಲೆ! ನಮ್ಮ ಪಾಲಿಗೆ ಏನು ಬಂತು? 2022ರ ಜೂನ್ 1ರಿಂದಲೇ ಸಕ್ಕರೆ ರಫ್ತಿಗೆ ಕಡಿವಾಣ ಬಿದ್ದಿತ್ತು. 2023-24ರ ಹಂಗಾಮಿನಲ್ಲಿ ಬಾಗಿಲನ್ನೇ ಹಾಕಿದರು. 2022ರ ಮೇನಲ್ಲಿ ಗೋಧಿ, ಸೆಪ್ಟೆಂಬರಿನಲ್ಲಿ ನುಚ್ಚಕ್ಕಿ, 2023ರ ಜುಲೈನಲ್ಲಿ ಬಿಳಿ ಅಕ್ಕಿ, ಆಗಸ್ಟಿನಲ್ಲಿ ಈರುಳ್ಳಿಗೆ ಶೇಕಡ 40 ರಫ್ತು ಸುಂಕ. ಅದೇ ಕಾಲದಲ್ಲಿ ಮುಂಬಯಿಯವರು ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾವು ಕೊಡುವ ಸಾಲದ ಬಡ್ಡಿಯನ್ನು, 4ರಿಂದ 6.5ಕ್ಕೆ ಏರಿಸಿದರು. ಬಡ್ಡಿ ಏರಿಸಿದರೆ ಮಳೆ ಬರುತ್ತದೆಯೇ, ಈರುಳ್ಳಿ ಗೆಡ್ಡೆ ಕಟ್ಟುತ್ತದೆಯೇ? ಇಲ್ಲವೆಂದು ಅವರಿಗೂ ಗೊತ್ತು. ಬಡ್ಡಿಯಿಂದ ಆಗದ ಕೆಲಸವನ್ನು ದಿಲ್ಲಿ ನಮ್ಮ ಕುತ್ತಿಗೆ ಹಿಸುಕಿ ಮಾಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

'ಪಟ್ಟಣದ ಬಡವ ಏನು ತಿನ್ನಬೇಕು?' ಎಂದು ಕೇಳುತ್ತಾರೆ. ನ್ಯಾಯವಾದ ಮಾತು. ನಮ್ಮೂರಿನ ಕೂಲಿಯವನೂ ಅಕ್ಕಿ ಕೊಂಡೇ ತಿನ್ನುತ್ತಾನೆ. ಅವನ ಹೊಟ್ಟೆ ತುಂಬಿಸುವುದು ಸರ್ಕಾರದ ಧರ್ಮ, ಬೊಕ್ಕಸದಿಂದ ತುಂಬಿಸಲಿ. ಬೆಳೆದವನ ಜೇಬಿನಿಂದ ದಾನ ಮಾಡಿ ತಾವು ಪುಣ್ಯ ಕಟ್ಟಿಕೊಳ್ಳುವುದು ಯಾವ ನ್ಯಾಯ?

ಇನ್ನು ಸಾಲ. 2025ರಲ್ಲಿ ರೆಪೊ ದರವನ್ನು 6.5ರಿಂದ 5.25ಕ್ಕೆ ಇಳಿಸಿದರು, ಪೇಪರು ತುಂಬ ಸಂಭ್ರಮ. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಕೊಡುವ ಹೊಸ ಮನೆ ಸಾಲದ ಏರಿಳಿಯುವ ಬಡ್ಡಿಯನ್ನು ಇಂಥ ದರಕ್ಕೆ ಕಟ್ಟಲೇಬೇಕೆಂದು ರಿಸರ್ವ್ ಬ್ಯಾಂಕಿನ ಆಜ್ಞೆ ಇದೆ. ಬೆಂಗಳೂರಿನ ಸಂಬಳದಾರನ ಕಂತು ಹಗುರಾಯಿತು, ಸಂತೋಷ. ಆ ಆಜ್ಞೆಯಲ್ಲಿ ಬೇಸಾಯದ ಸಾಲ ಸೇರಲಿಲ್ಲ. ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು, ಒಳ್ಳೆಯದೇ. ಆದರೆ ವಾಯಿದೆಗೆ ಸರಿಯಾಗಿ ಕಟ್ಟಿದವನಿಗೆ ಮಾತ್ರ ಆ ಭಾಗ್ಯ. ಮಿಲ್ಲು ದುಡ್ಡು ಕೊಡದಿದ್ದರೆ ವಾಯಿದೆಗೆ ಎಲ್ಲಿಂದ ಕಟ್ಟೋದು? ತಪ್ಪು ಮಿಲ್ಲಿನದು, ಸುಸ್ತಿದಾರ ಎಂಬ ಹೆಸರು ನಮ್ಮದು. ಆಮೇಲೆ ಹೆಂಡತಿಯ ಒಡವೆ ಗಿರವಿ ಅಂಗಡಿಗೆ.

ಕಬ್ಬು ಹಾಕಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆಯಲ್ಲೇ ಇದೆ. ಆ ಬಡ್ಡಿಯ ಮುಖವನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ?

ನಮ್ಮ ಒತ್ತಾಯ ಮೂರೇ. ಒಂದು, ಮಿಲ್ಲು ಎಷ್ಟು ದಿನ ತಡ ಮಾಡಿತೋ ಅಷ್ಟು ದಿನ ಸೊಸೈಟಿಯ ವಾಯಿದೆ ಮುಂದಕ್ಕೆ ಹೋಗಬೇಕು, ಶೇಕಡ 15 ನಮ್ಮ ಖಾತೆಗೆ ಬರಬೇಕು. ಎರಡು, ಟ್ರ್ಯಾಕ್ಟರ್, ಬೋರ್‌ವೆಲ್, ತೋಟದ ಸಾಲಗಳೂ ಮನೆ ಸಾಲದ ಹಾಗೆ ರೆಪೊ ಇಳಿದಾಗ ಇಳಿಯಬೇಕು. ಮೂರು, ಬೆಲೆ ಏರಿದಾಗ ರಫ್ತಿನ ಬಾಗಿಲು ಹಾಕುವ ಸರ್ಕಾರ, ಬೆಳೆಗಾರನಿಗೆ ತಪ್ಪಿದ ಬೆಲೆಯನ್ನು ಬೊಕ್ಕಸದಿಂದ ತುಂಬಿಕೊಡಬೇಕು.

ಭಾಷಣ ಸಾಕು, ಕೆಲಸ ಹೇಳುತ್ತೇನೆ. ಮುಂದಿನ ವಾರ ಅವರು ತಮ್ಮ ಲೆಕ್ಕ ನೋಡಲಿ, ನಾವು ನಮ್ಮದು ನೋಡೋಣ. ಕಬ್ಬಿನ ತೂಕದ ಚೀಟಿಗಳನ್ನೆಲ್ಲ ಹುಡುಕಿ ತೆಗೆಯಿರಿ. ಕಬ್ಬು ಹಾಕಿದ ತಾರೀಖು, ಹಣ ಬಂದ ತಾರೀಖು, ಸೊಸೈಟಿಯ ವಾಯಿದೆ, ಮೂರನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಊರಿನ ಹಾಳೆಗಳನ್ನೆಲ್ಲ ಒಟ್ಟು ಮಾಡಿ ಸೊಸೈಟಿಯ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ನಡವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ತಹಶೀಲ್ದಾರರ ಮೇಜಿನ ಮೇಲಿಟ್ಟು ರಸೀದಿ ಪಡೆಯಿರಿ. ಯಾರು ಯಾರಿಗೆ ಸಾಲಗಾರ ಎಂಬುದು ಆಗ ಎಲ್ಲರಿಗೂ ಗೊತ್ತಾಗಲಿ.