ಹುಡುಗರ ವೆರಿಕೋಸೀಲ್: ಶಸ್ತ್ರಕ್ರಿಯೆ ಯಾವಾಗ?

ಪ್ರಾಯಕ್ಕೆ ಬರುತ್ತಿರುವ ಹುಡುಗರಲ್ಲಿ ಸಾಮಾನ್ಯವಾಗಿದ್ದೂ ನಾಚಿಕೆಯ ದೆಸೆಯಿಂದ ಯಾರೂ ಬಾಯಿಬಿಡದ ತೊಂದರೆಯೊಂದುಂಟು. ವೃಷಣದಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ಅಭಿಧಮನಿಗಳು ಉಬ್ಬಿ ಸುರುಳಿಗಟ್ಟುವ ಈ ಸ್ಥಿತಿಯನ್ನು ವೈದ್ಯರು ವೆರಿಕೋಸೀಲ್ ಎನ್ನುತ್ತಾರೆ. ನೂರು ಮಂದಿ ತರುಣರಲ್ಲಿ ಸುಮಾರು 15 ಮಂದಿಗೆ ಇದು ಇರುತ್ತದೆ. ಬಹುಮಂದಿಗೆ ನೋವೇ ಇರುವುದಿಲ್ಲ.

ಇದು ಹೆಚ್ಚಾಗಿ ಎಡಭಾಗದಲ್ಲಿಯೇ ಕಾಣಿಸಿಕೊಳ್ಳುವುದೇಕೆ? ವೃಷಣದ ಬಲ ಅಭಿಧಮನಿಯು ದೇಹದ ಮಹಾ ಅಭಿಧಮನಿಯನ್ನು ಓರೆಯಾಗಿ ಸೇರುತ್ತದೆ. ಎಡಗಡೆಯದು ಹೆಚ್ಚು ಉದ್ದವಾಗಿದ್ದು, ಮೂತ್ರಪಿಂಡದ ಅಭಿಧಮನಿಯನ್ನು ಲಂಬಕೋನದಲ್ಲಿ ಸೇರುತ್ತದೆ. ಅದರ ಕವಾಟಗಳು ದುರ್ಬಲವಾದರೆ ರಕ್ತವು ಹಿಮ್ಮರಳಿ ಕೆಳಗೆ ನಿಲ್ಲುತ್ತದೆ. ವೃಷಣವು ದೇಹಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಾಗಿರಬೇಕಾದ ಅಂಗ. ನಿಂತ ರಕ್ತದ ಬಿಸಿಯಿಂದ ಕೆಲವರಲ್ಲಿ ಅದರ ಬೆಳವಣಿಗೆ ಕುಂಠಿತವಾಗಬಹುದು.

ಉಬ್ಬಿದ ಅಭಿಧಮನಿಗಳನ್ನು ಕಟ್ಟಿಬಿಟ್ಟರೆ ರಕ್ತವು ಬೇರೆ ಹಾದಿ ಹಿಡಿಯುತ್ತದೆ. ಪಲೋಮೊ 1949ರಲ್ಲಿ ವಿವರಿಸಿದ ವಿಧಾನದಲ್ಲಿ ಹೊಟ್ಟೆಯ ಕೆಳಪಕ್ಕವನ್ನು ಕೊಯ್ದು ಅಭಿಧಮನಿ, ಅಪಧಮನಿಗಳೆರಡನ್ನೂ ಒಟ್ಟಿಗೆ ಕಟ್ಟುತ್ತಿದ್ದರು. 1990ರ ದಶಕದಿಂದೀಚೆಗೆ ಲ್ಯಾಪರೊಸ್ಕೋಪ್ ಎಂಬ ನಳಿಗೆಯ ದರ್ಶಕವನ್ನೂ ಉಪಕರಣಗಳನ್ನೂ ಸಣ್ಣ ರಂಧ್ರಗಳಲ್ಲಿ ತೂರಿಸಿ ಈ ಕೆಲಸ ಮಾಡುತ್ತಾರೆ. ತೊಡೆಸಂದಿಯಲ್ಲಿ ಕಿರಿದಾಗಿ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಒಂದೊಂದೇ ಅಭಿಧಮನಿಯನ್ನು ಕಟ್ಟುವುದು ಇನ್ನೊಂದು ಕ್ರಮ. ನಾಳಗಳನ್ನೆಲ್ಲ ಒಟ್ಟಾಗಿ ಕಟ್ಟಿದಾಗ ಜೊತೆಯ ದುಗ್ಧರಸನಾಳಗಳೂ ಮುಚ್ಚಿ, ಕೆಲವರಲ್ಲಿ ವೃಷಣದ ಸುತ್ತ ನೀರು ತುಂಬಿಕೊಳ್ಳುತ್ತದೆ. ಆದ್ದರಿಂದ ಶಸ್ತ್ರಕ್ರಿಯೆಯ ಗುಣವನ್ನು ಹೊರಗಿನ ಗಾಯದ ಅಳತೆಯಿಂದ ಮಾತ್ರ ತೂಗಲಾಗದು. ಒಳಗೆ ಏನನ್ನು ಉಳಿಸಿತೆಂಬುದನ್ನೂ ನೋಡಬೇಕು.

ಗಾಯ ಕಿರಿದಾಯಿತೆಂಬ ಕಾರಣಕ್ಕೆ ಕಂಡವರಿಗೆಲ್ಲ ಶಸ್ತ್ರಕ್ರಿಯೆ ಮಾಡುವುದು ಸಲ್ಲದೆಂದು ನಮ್ಮ ಅಭಿಮತ. ನೋವು ಬಿಡದಿದ್ದರೆ, ಅಥವಾ ಎಡ ವೃಷಣವು ಬಲದ್ದಕ್ಕಿಂತ ಶೇಕಡ 20ಕ್ಕೂ ಹೆಚ್ಚು ಕಿರಿದೆಂದು ಅಲ್ಟ್ರಾಸೌಂಡ್ ಅಳತೆಯಲ್ಲಿ ಮತ್ತೆ ಮತ್ತೆ ಕಂಡುಬಂದರೆ, ಆಗ ಶಸ್ತ್ರಕ್ರಿಯೆಗೆ ಸಕಾರಣವುಂಟು. ಒಂದೇ ಅಳತೆ ಸಾಲದು. ಬೆಳೆಯುವ ವಯಸ್ಸಿನಲ್ಲಿ ಹಿಂದುಳಿದ ಅಂಗವು ಎಷ್ಟೋ ವೇಳೆ ತಾನಾಗಿಯೇ ಸರಿದೂಗುತ್ತದೆ. ಅಂಥ ಹುಡುಗನನ್ನು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಕಾಯುವುದೂ ವೈದ್ಯಧರ್ಮವೇ.

ಆದರೆ ಹೀಗೆ ಕಾಯಬೇಕಾದರೂ ತೊಂದರೆ ಮೊದಲು ವೈದ್ಯರ ಕಣ್ಣಿಗೆ ಬೀಳಬೇಕಷ್ಟೆ. ನಮ್ಮ ತರುಣ ವಾಚಕರು ಕಣ್ಣುನೋವನ್ನು ಹೇಳಿಕೊಳ್ಳುವಷ್ಟೇ ಸಹಜವಾಗಿ ಇದನ್ನೂ ತಂದೆತಾಯಿಗಳಲ್ಲಿ ಹೇಳಲಿ. ಹಠಾತ್ತಾಗಿ ತೀವ್ರ ನೋವು ಬಂದರಂತೂ ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು; ಅದು ವೃಷಣ ತಿರುಚಿಕೊಂಡ ಲಕ್ಷಣವಾಗಿರಬಹುದು. ಹಿರಿಯರೂ ಇಂಥ ಮಾತನ್ನು ಗದರದೆ, ನಗದೆ ಕೇಳಲಿ.