ಮಹಡಿಯ ಮೇಲಿಂದ ಸುರಯ್ಯಾ



ನಮ್ಮ ದೇವರಾಜ ಅರಸು ಬಡಾವಣೆಯ ನೆರೆಮನೆಯ ತಾಯಿಯೊಬ್ಬರು ಮಗಳಿಗೆ ಸಿಕ್ಕ ಈದಿಯ ಹಣಕ್ಕೆ ತಮ್ಮ ಹೊಲಿಗೆಯ ಸಂಪಾದನೆಯನ್ನೂ ಸೇರಿಸಿ ಮೂರು ಸಾವಿರ ರೂಪಾಯಿಗೆ ಟೆಲಿಸ್ಕೋಪ್ ತಂದರು. ಡಬ್ಬದ ಮೇಲೆ '675 ಪಟ್ಟು' ಎಂದು ದೊಡ್ಡದಾಗಿ ಮುದ್ರಿಸಿತ್ತು. ಇಶಾ ನಮಾಝಿನ ಬಳಿಕ ಮಹಡಿಗೆ ಹೋದೆವು. ಮುಟ್ಟಿದರೆ ನಡುಗುವ ಸ್ಟ್ಯಾಂಡು. ಚಂದ್ರ ಸಿಕ್ಕಂತಾಗಿ ಜಾರಿ ಹೋಗುತ್ತಿದ್ದ. "ನನ್ನ ಕಣ್ಣೇ ಸರಿಯಿಲ್ಲವೇನೋ ಆಪಾ" ಎಂದಳು ಹುಡುಗಿ. ಆ ಮಾತಿನಿಂದ ನನಗೆ ಬಹಳ ನೋವಾಯಿತು.

ತಪ್ಪು ಕಣ್ಣಿನದಲ್ಲ, ಡಬ್ಬದ ಮೇಲಿನ ಸಂಖ್ಯೆಯದು. ಬೆಳಕನ್ನು ಕೂಡಿಸುವುದು ಮುಂದಿನ ಮಸೂರದ ಅಗಲ. ಹಿಟ್ಟು ಒಂದು ಹಿಡಿಯಷ್ಟೇ ಇರುವಾಗ ರೊಟ್ಟಿಯನ್ನು ದೊಡ್ಡದಾಗಿ ತಟ್ಟಹೋದರೆ ಅದು ಹರಿಯುತ್ತದಲ್ಲವೇ? ಮಸೂರ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ಪಟ್ಟಿಗಿಂತ ಹೆಚ್ಚು ಹಿಗ್ಗಿಸಿ ಪ್ರಯೋಜನವಿಲ್ಲ. 50 ಮಿಲಿಮೀಟರಿಗೆ 100 ಪಟ್ಟು, ಅಷ್ಟೇ.

ಮೊದಲ ಸಲ ಕೊಳ್ಳುವವರು ಆ ಹಣಕ್ಕೆ ಇನ್ನಷ್ಟು ಕೂಡಿಸಿ ಎರಡೂ ಕಣ್ಣಿನ ದುರ್ಬೀನನ್ನೇ ಕೊಳ್ಳಿರಿ. 7x50 ಅಥವಾ 10x50 ಎಂದು ಕೇಳಿ. ಮೊದಲಿನದು ಪಟ್ಟು, ಎರಡನೆಯದು ಮಸೂರದ ಅಗಲ. ತೂಕ ಹೆಚ್ಚುಕಡಿಮೆ ಒಂದು ಕಿಲೋ. ಕೊರಳಿಗೆ ಹಾಕಿಕೊಂಡು ಹರಿಹರದ ಹೊಳೆದಂಡೆಗೂ ಒಯ್ಯಬಹುದು. ಮೊಣಕೈಗಳನ್ನು ಮಹಡಿಯ ಗೋಡೆಗೆ ಊರಿ ನೋಡಿದರೆ ಗುರುಗ್ರಹದ ನಾಲ್ಕು ಚಂದ್ರರು ಚುಕ್ಕೆಗಳಂತೆ ಕಾಣುತ್ತವೆ.

ಶನಿಯ ಬಳೆ ನೋಡಲೇಬೇಕೆಂದರೆ ಟೆಲಿಸ್ಕೋಪ್ ಬೇಕು. 70 ಮಿಲಿಮೀಟರ್ ಮಸೂರ, 700 ಮಿಲಿಮೀಟರ್ ನಾಭಿದೂರ ಇದ್ದರೆ 25ರ ಕಣ್ಮಸೂರದಲ್ಲಿ 28 ಪಟ್ಟು, 10ರದರಲ್ಲಿ 70 ಪಟ್ಟು ಸಿಗುತ್ತದೆ. ಅಂಗಡಿಯಲ್ಲೇ ಸ್ಟ್ಯಾಂಡನ್ನು ಅಲುಗಾಡಿಸಿ ನೋಡಿ, ಸಂಕೋಚ ಬೇಡ. 2025ರಲ್ಲಿ ಬಳೆ ಅಂಚು ತಿರುಗಿಸಿ ನೂಲಿನೆಳೆಯಂತಾಗಿತ್ತು. ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿದೆ.

ಒಂದು ಎಚ್ಚರಿಕೆ. ಈದ್‌ನ ಚಂದ್ರ ಹುಡುಕುವ ಆತುರದಲ್ಲಿ ಸೂರ್ಯ ಪೂರ್ತಿ ಮುಳುಗುವ ಮೊದಲು ಮಕ್ಕಳ ಕೈಗೆ ದುರ್ಬೀನು ಕೊಡಬೇಡಿ. ಸೂರ್ಯನತ್ತ ತಿರುಗಿದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ.

ಇಸ್ಫಹಾನಿನ ಅಬ್ದುರ್ರಹ್ಮಾನ್ ಅಸ್ಸೂಫಿ 964ರ ಸುಮಾರಿಗೆ ನಕ್ಷತ್ರಗಳ ಗ್ರಂಥ ಬರೆದಾಗ ದುರ್ಬೀನೇ ಇರಲಿಲ್ಲ. ಆದರೂ ಇಂದು ನಾವು ಆ್ಯಂಡ್ರೊಮೀಡಾ ಗ್ಯಾಲಕ್ಸಿ ಎನ್ನುವುದನ್ನು ಅವರು ಪುಟ್ಟ ಮೋಡವೆಂದು ಗುರುತಿಸಿದ್ದರು. ನಾವು ಕೃತ್ತಿಕೆ ಎನ್ನುವ ಗೊಂಚಲು ಅರಬಿಯಲ್ಲಿ ಸುರಯ್ಯಾ. ಅದರ ಹಿಂದೆ ಬರುವ ಕೆಂಪು ರೋಹಿಣಿ ಅದ್ದಬರಾನ್, ಅಂದರೆ ಹಿಂಬಾಲಿಸುವವನು.

ಡಿಸೆಂಬರಿನಲ್ಲಿ ಅಣ್ಣನ ದುರ್ಬೀನು ತಂದು ಆ ಹುಡುಗಿಗೆ ಕೊಟ್ಟೆ. ಸುರಯ್ಯಾ ಅವಳ ನಾನಿಯ ಹೆಸರೂ ಹೌದು. ಬರಿಗಣ್ಣಿಗೆ ಆರು ನಕ್ಷತ್ರ ಎಣಿಸಿದ್ದಳು. ದುರ್ಬೀನಿನಲ್ಲಿ ಮೂವತ್ತು ದಾಟಿ ಲೆಕ್ಕ ತಪ್ಪಿ, ನಾನಿಯನ್ನು ಕರೆಯಲು ಮೆಟ್ಟಿಲಿಳಿದು ಓಡಿದಳು. ದುರ್ಬೀನು ಇನ್ನೂ ಅವರ ಮನೆಯಲ್ಲೇ ಇದೆ.