ಸೋತವರಿಗೆ ಸಿಗುವ ಮೊದಲ ಸರದಿ

2020ರ ಡಿಸೆಂಬರ್ 21, ಸೋಮವಾರ. ಇನ್ನೂ ಬೆಳಗ್ಗೆ ಆರಾಗಿರಲಿಲ್ಲ, ನ್ಯೂಜೆರ್ಸಿಯಿಂದ ಅಕ್ಕನ ಮಗನ ಫೋನು. ಕೊರೋನಾ ಕಾಲ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತಿದ್ದ ದಿನಗಳು. "ಮಾಮ, ಜೆಟ್ಸ್ ಗೆದ್ದುಬಿಟ್ರು" ಅಂದ. ಗಂಟಲು ಕಟ್ಟಿತ್ತು. ಸತತ ಹದಿಮೂರು ಪಂದ್ಯ ಸೋತಿದ್ದ ತಂಡ ಹದಿನಾಲ್ಕನೆಯದರಲ್ಲಿ, ಅದೂ ಲಾಸ್ ಏಂಜಲೀಸ್‌ನ ರ್‍ಯಾಮ್ಸ್‌ನಂಥ ಬಲವಾದ ತಂಡವನ್ನು ಅವರ ಅಂಗಳದಲ್ಲೇ 23-20ರಿಂದ ಸೋಲಿಸಿದೆ. ಅದಕ್ಕೆ ಹದಿನಾಲ್ಕು ವರ್ಷದ ಹುಡುಗ ಅಳುವುದೇಕೆ? "ನಿಂಗೆ ಗೊತ್ತಾಗಲ್ಲ ಮಾಮ, ಇನ್ನು ಟ್ರೆವರ್ ಲಾರೆನ್ಸ್ ನಮಗೆ ಸಿಗಲ್ಲ."

ಲಾರೆನ್ಸ್ ಎಂದರೆ ಆಗ ಎಲ್ಲ ತಂಡಗಳೂ ಕಣ್ಣಿಟ್ಟಿದ್ದ ಕಾಲೇಜು ಆಟಗಾರ. ಅವನ ಮಾತು ಲೆಕ್ಕದಲ್ಲಿ ಸರಿಯಾಗಿತ್ತು. ಆ ಗೆಲುವಿನಿಂದ ಕಡೆಯ ಸ್ಥಾನ ಜಾಕ್ಸನ್‌ವಿಲ್‌ನ ಜಾಗ್ವಾರ್ಸ್ ಪಾಲಾಯಿತು, ಅದರೊಂದಿಗೆ ಮುಂದಿನ ವರ್ಷದ ಮೊದಲ ಆಯ್ಕೆಯ ಹಕ್ಕೂ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಜೆಟ್ಸ್ ಅಭಿಮಾನಿಗಳೆಲ್ಲ ಅಂದು ಕೊರಗಿದರು. ತನ್ನ ತಂಡ ಸೋಲಲಿ ಎಂದು ಹಾರೈಸುವಂತೆ ಒಂದು ಮಗುವಿಗೆ ಯಾರು ಕಲಿಸಿದರು, ಹಾಗೆ ಹಾರೈಸುವಷ್ಟು ಬೆಲೆ ನಿಜಕ್ಕೂ ಆ ಹಕ್ಕಿಗೆ ಇದೆಯೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಾನು ಹೇಳುತ್ತಿರುವುದು ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಆಡುವ ಆಟದ ಬಗ್ಗೆ. ಅಲ್ಲಿಯ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಕಾಲೇಜು ಆಟ ಮುಗಿಸಿ ಬರುವ ಹುಡುಗರನ್ನು ಪ್ರತಿ ಏಪ್ರಿಲ್‌ನಲ್ಲಿ ಡ್ರಾಫ್ಟ್ ಎಂಬ ಏರ್ಪಾಡಿನಲ್ಲಿ ಈ ತಂಡಗಳು ಹಂಚಿಕೊಳ್ಳುತ್ತವೆ. ಏಳು ಸುತ್ತು, ಪ್ರತಿ ಸುತ್ತಿನಲ್ಲೂ ಕಳೆದ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ, ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ಗೆದ್ದವರಿಗೆ ಕಡೆಯದು. ನಮ್ಮ ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಇದು ವಿಚಿತ್ರವೆನಿಸಬಹುದು. ಬೆಂಗಳೂರಿನ ತಂಡ 2017ರಲ್ಲೂ 2019ರಲ್ಲೂ ಪಟ್ಟಿಯ ತಳದಲ್ಲಿತ್ತು. ಹಾಗಂತ ಹರಾಜಿನಲ್ಲಿ ಅದಕ್ಕೆ ಒಂದು ರೂಪಾಯಿಯ ರಿಯಾಯಿತಿಯೂ ಸಿಗಲಿಲ್ಲ. ಕೊಹ್ಲಿಯ ತಂಡ ಸೋಲಲಿ ಎಂದು ಚಿನ್ನಸ್ವಾಮಿಯಲ್ಲಿ ಯಾರೂ ಹರಕೆ ಹೊತ್ತದ್ದಿಲ್ಲ.

ಡ್ರಾಫ್ಟ್ ಶುರುವಾದದ್ದು ಒಳ್ಳೆಯ ಉದ್ದೇಶದಿಂದಲೇ. ಫಿಲಡೆಲ್ಫಿಯಾ ಈಗಲ್ಸ್‌ನ ಮಾಲೀಕ ಬರ್ಟ್ ಬೆಲ್ 1935ರಲ್ಲಿ ಇದನ್ನು ಮುಂದಿಟ್ಟರು. ಹಣವಿದ್ದ, ಹೆಸರಿದ್ದ ತಂಡಗಳೇ ಪ್ರತಿವರ್ಷ ಒಳ್ಳೆಯ ಹುಡುಗರನ್ನು ಬಾಚಿಕೊಂಡರೆ ಉಳಿದವರು ಬಾಗಿಲು ಹಾಕಬೇಕಾಗುತ್ತದೆ, ಆಗ ಆಡಲು ಎದುರಾಳಿಯೇ ಇರುವುದಿಲ್ಲ ಎಂಬುದು ಅವರ ವಾದ. 1936ರ ಫೆಬ್ರವರಿಯಲ್ಲಿ ನಡೆದ ಮೊಟ್ಟಮೊದಲ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಬೆಲ್ ಅವರ ತಂಡಕ್ಕೇ ಬಂತು, ಏಕೆಂದರೆ ಹಿಂದಿನ ವರ್ಷ ತಳದಲ್ಲಿದ್ದವರು ಅವರೇ. ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್‌ನನ್ನು ಆರಿಸಿದರು. ದೇಶದಲ್ಲೇ ಅತ್ಯುತ್ತಮ ಕಾಲೇಜು ಆಟಗಾರನೆಂದು ಹೈಸ್ಮನ್ ಪಾರಿತೋಷಕ ಪಡೆದಿದ್ದ ಹುಡುಗ. ಸಂಬಳದ ಮಾತು ಕುದುರಲಿಲ್ಲ. ಹಕ್ಕನ್ನು ಶಿಕಾಗೋ ಬೇರ್ಸ್‌ಗೆ ಕೊಟ್ಟರು, ಅಲ್ಲೂ ಕುದುರಲಿಲ್ಲ. ಬರ್ವಾಂಗರ್ ಒಂದೇ ಒಂದು ಎನ್‌ಎಫ್‌ಎಲ್ ಪಂದ್ಯವನ್ನೂ ಆಡದೆ ಬೇರೆ ಕಸುಬು ಹಿಡಿದ.

ಮೊದಲ ಸರದಿಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1998ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಮೊದಲ ಸರದಿಯಲ್ಲಿ ಪೇಟನ್ ಮ್ಯಾನಿಂಗ್‌ನನ್ನು ತೆಗೆದುಕೊಂಡರು. ಆ ವರ್ಷ 3 ಗೆಲುವು, ಮರುವರ್ಷ 13. 2019ರಲ್ಲಿ ಎರಡೇ ಪಂದ್ಯ ಗೆದ್ದ ಸಿನ್ಸಿನಾಟಿ ಬೆಂಗಾಲ್ಸ್ ಮರುವರ್ಷ ಜೋ ಬರೋನನ್ನು ಆರಿಸಿ, ಅವನ ಎರಡನೇ ಸೀಸನ್‌ನಲ್ಲೇ ಸೂಪರ್ ಬೌಲ್ ಮುಟ್ಟಿದರು. ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು. ಪ್ರತಿ ದಾಳಿಯಲ್ಲೂ ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು ಎಲ್ಲಿಗೆ ಎಸೆಯಬೇಕೆಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವ ಆ ಒಬ್ಬನ ಮೇಲೆ ಇಡೀ ತಂಡ ನಿಂತಿರುತ್ತದೆ. ಅಂಥವನೊಬ್ಬ ದಕ್ಕಿದರೆ ಹತ್ತು ವರ್ಷದ ಅನ್ನ. ಅಳುತ್ತಿದ್ದ ಹುಡುಗ ಕನಸು ಕಂಡದ್ದು ಇದನ್ನೇ.

ಆದರೆ ಮೊದಲ ಸರದಿಯಲ್ಲೇ ಅಂಥವನು ಸಿಗುತ್ತಾನೆ ಎನ್ನಲು ಏನು ಆಧಾರ? ಅರ್ಥಶಾಸ್ತ್ರಕ್ಕೆ 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮತ್ತು ಅವರ ಸಹಸಂಶೋಧಕ ಕೇಡ್ ಮ್ಯಾಸಿ ಇದನ್ನು ವರ್ಷಗಟ್ಟಲೆ ಅಳೆದು ನೋಡಿದರು. ತಂಡಗಳು ಸರದಿಗಳನ್ನು ಕೊಟ್ಟು ತೆಗೆದುಕೊಳ್ಳಲು ಒಂದು ದರಪಟ್ಟಿ ಬಳಸುತ್ತವೆ. ಡಲ್ಲಾಸ್ ಕೌಬಾಯ್ಸ್‌ನವರು 1990ರ ದಶಕದ ಆರಂಭದಲ್ಲಿ ಮಾಡಿಕೊಂಡದ್ದು. ಅದರಲ್ಲಿ ಮೊದಲ ಸರದಿಗೆ 3000 ಅಂಕ, ಹದಿನಾರನೆಯದಕ್ಕೆ 1000, ಮೂವತ್ತೆರಡನೆಯದಕ್ಕೆ 590. ಮ್ಯಾಸಿ ಮತ್ತು ಥೇಲರ್ ಕಂಡದ್ದೇನೆಂದರೆ, ಕೊಟ್ಟ ಸಂಬಳ ಕಳೆದು ತಂಡಕ್ಕೆ ಉಳಿಯುವ ಲಾಭ ತುತ್ತತುದಿಯ ಸರದಿಗಳಲ್ಲಿ ಹೆಚ್ಚಿರಲಿಲ್ಲ; ಎರಡನೇ ಸುತ್ತಿನ ಆರಂಭದಲ್ಲಿ ಹೆಚ್ಚಿತ್ತು. ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿತು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಹುಡುಗರಲ್ಲಿ ಮೊದಲು ಆಯ್ಕೆಯಾದವನು, ಅವನ ಹಿಂದೆಯೇ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಂಭವ ನೂರಕ್ಕೆ ಸುಮಾರು 52. ನಾಣ್ಯ ಚಿಮ್ಮಿದರೆ 50.

ಸಂಬಳದ ಲೆಕ್ಕ ಈಗ ಬದಲಾಗಿದೆ ಎಂಬ ಆಕ್ಷೇಪ ನ್ಯಾಯವಾದದ್ದು. 2010ರ ಮೊದಲ ಸರದಿಯ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಖಾತರಿ ಹಣವೇ 5 ಕೋಟಿ ಡಾಲರ್. ಹೊಸಬರ ಸಂಬಳಕ್ಕೆ ಮಿತಿ ಹಾಕಿದ ಮೇಲೆ, 2011ರ ಮೊದಲ ಸರದಿಯ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟಾರೆ ಸುಮಾರು 2.2 ಕೋಟಿ. ಹಾಗಾಗಿ ಇವತ್ತು ತಪ್ಪು ಆಯ್ಕೆಯಿಂದ ಖಜಾನೆ ಬರಿದಾಗುವುದಿಲ್ಲ, ಸರಿಯಾದ ಆಯ್ಕೆ ಅಗ್ಗದಲ್ಲೇ ಸಿಗುತ್ತದೆ. ಒಪ್ಪುತ್ತೇನೆ. ಆದರೆ ಆ 52ಕ್ಕೂ ಹಣಕ್ಕೂ ಸಂಬಂಧವಿಲ್ಲ. ಅದು ಮನುಷ್ಯನ ಕಣ್ಣಿನ ಮಿತಿ. ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗ ಮುಂದೆ ಏನಾಗುತ್ತಾನೆಂದು ಅವನ ಓಟ, ಎತ್ತರ, ತೋಳಿನ ಉದ್ದ ಅಳೆದು ಹೇಳಲಾಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ, ನನ್ನ ಮುಖ್ಯ ಮಾತೂ ಅದೇ. ಸೋತ ತಂಡ ಸುಮ್ಮನೆ ಸೋತಿರುವುದಿಲ್ಲ. ಆಟಗಾರರನ್ನು ಗುರುತಿಸಲು ಬಾರದ, ಗುರುತಿಸಿದವರನ್ನು ಬೆಳೆಸಲು ಬಾರದ, ಎರಡು ವರ್ಷಕ್ಕೊಮ್ಮೆ ಕೋಚ್ ಬದಲಿಸುವ ಆಡಳಿತವೇ ಬಹಳ ಸಲ ಆ ಸೋಲಿನ ಮೂಲ. ಡ್ರಾಫ್ಟ್ ಆ ವರ್ಷದ ಅತ್ಯಂತ ಕಷ್ಟದ ತೀರ್ಮಾನವನ್ನು ಅದೇ ಆಡಳಿತದ ಕೈಗೆ ಕೊಡುತ್ತದೆ.

ಡೆಟ್ರಾಯಿಟ್ ಲಯನ್ಸ್‌ನ ಕಥೆ ನೋಡಿ. 2002ರಿಂದ 2007ರವರೆಗೆ ಆರು ವರ್ಷ ಒಂದೂ ತಪ್ಪದೆ ಅವರು ಮೊದಲ ಹತ್ತರೊಳಗೆ ಆಯ್ಕೆ ಮಾಡಿದರು: ಮೂರನೆಯ, ಎರಡನೆಯ, ಏಳನೆಯ, ಹತ್ತನೆಯ, ಒಂಬತ್ತನೆಯ, ಮತ್ತೆ ಎರಡನೆಯ ಸರದಿ. ಅದರಲ್ಲಿ 2003, 2004, 2005, ಮೂರು ವರ್ಷ ಸಾಲಾಗಿ ರಿಸೀವರ್‌ಗಳನ್ನೇ, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವವರನ್ನೇ ಆರಿಸಿದರು. 2007ರಲ್ಲಿ ಬಂದ ಕ್ಯಾಲ್ವಿನ್ ಜಾನ್ಸನ್ ಮುಂದೆ ಹಾಲ್ ಆಫ್ ಫೇಮ್ ಸೇರಿದ ಅಪರೂಪದ ಆಟಗಾರ. ಆರು ವರ್ಷದ ಈ ಸುಗ್ಗಿಯ ಫಲ 2008ರಲ್ಲಿ ಬಂತು: ಆಡಿದ 16ರಲ್ಲಿ 16 ಸೋಲು. ಅಲ್ಲಿಯವರೆಗೆ 16 ಪಂದ್ಯಗಳ ಸೀಸನ್‌ನಲ್ಲಿ ಯಾವ ತಂಡವೂ ಹಾಗೆ ಸೋತಿರಲಿಲ್ಲ. ಜಾನ್ಸನ್ 30ನೇ ವಯಸ್ಸಿಗೆ ಆಟ ಬಿಟ್ಟ. ಪ್ಲೇಆಫ್‌ನಲ್ಲಿ ಒಂದು ಗೆಲುವನ್ನೂ ಅವನು ಕಾಣಲಿಲ್ಲ. ಅಂಥ ಆಟಗಾರನ ಕೈಕಾಲು ಗಟ್ಟಿಯಿದ್ದ ವರ್ಷಗಳು ಹಾಗೆ ಸವೆದುಹೋದದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಒಬ್ಬನೇ ಆಟಗಾರ ಎರಡು ಮನೆಗಳಲ್ಲಿ ಇಬ್ಬರಾಗುವುದನ್ನೂ ನೋಡಿದ್ದೇವೆ. 2018ರ ಮೊದಲ ಸರದಿಯಲ್ಲಿ ಕ್ಲೀವ್‌ಲೆಂಡ್ ಬೇಕರ್ ಮೇಫೀಲ್ಡ್‌ನನ್ನೂ, ಮೂರನೆಯದರಲ್ಲಿ ಜೆಟ್ಸ್ ಸ್ಯಾಮ್ ಡಾರ್ನಲ್ಡ್‌ನನ್ನೂ ತೆಗೆದುಕೊಂಡರು. ಇಬ್ಬರನ್ನೂ ಆ ತಂಡಗಳು ಕೈಬಿಟ್ಟವು. ಇಬ್ಬರೂ ನೆಲೆ ಕಂಡದ್ದು ತಮ್ಮ ನಾಲ್ಕನೇ ತಂಡದಲ್ಲಿ: ಮೇಫೀಲ್ಡ್ ಟ್ಯಾಂಪಾದಲ್ಲಿ, ಡಾರ್ನಲ್ಡ್ 2024ರಲ್ಲಿ 14 ಪಂದ್ಯ ಗೆಲ್ಲಿಸಿದ ಮಿನಿಸೋಟದಲ್ಲಿ. ಅಕ್ಕನ ಮಗ ಕಣ್ಣೀರು ಹಾಕಿದ ಆ ಲಾರೆನ್ಸ್‌ನದೂ ಇದೇ ಕಥೆ. ಜಾಕ್ಸನ್‌ವಿಲ್‌ನಲ್ಲಿ ಅವನ ಮೊದಲ ವರ್ಷ ಮೂರೇ ಗೆಲುವು, ಸೀಸನ್ ಮುಗಿಯುವ ಮೊದಲೇ ಕೋಚ್‌ನ ಕೆಲಸ ಹೋಯಿತು. ಹೊಸ ಕೋಚ್ ಬಂದ ಮರುವರ್ಷ ಅದೇ ಹುಡುಗ ತಂಡವನ್ನು ಪ್ಲೇಆಫ್‌ಗೆ ಒಯ್ದ. ಎರಡನೇ ಸರದಿಯಲ್ಲಿ ಜೆಟ್ಸ್ ಆರಿಸಿದ ಜ್ಯಾಕ್ ವಿಲ್ಸನ್ ಅಲ್ಲಿ ಬೇರೂರಲಿಲ್ಲ. ಲಾರೆನ್ಸ್ ಬಂದಿದ್ದರೆ ಜೆಟ್ಸ್‌ನ ಹಣೆಬರಹ ಬದಲಾಗುತ್ತಿತ್ತೇ? ಡಾರ್ನಲ್ಡ್‌ಗೆ ಆ ಮನೆಯಲ್ಲಿ ಆದದ್ದನ್ನು ನೋಡಿದ ಮೇಲೆ ಹೌದೆನ್ನಲು ನನಗೆ ನಾಲಗೆ ಏಳುವುದಿಲ್ಲ.

ಹಾಗಾದರೆ ಈ ಸರದಿಯನ್ನು ಬಲ್ಲವರು ಏನು ಮಾಡುತ್ತಾರೆ? ಬಹಳ ಸಲ ಮಾರುತ್ತಾರೆ, ಒಂದು ಕೊಟ್ಟು ನಾಲ್ಕು ತೆಗೆದುಕೊಳ್ಳುತ್ತಾರೆ; ಆಟಗಾರನನ್ನೇ ಕೊಟ್ಟು ಸರದಿ ಕೂಡಿಸುವುದೂ ಉಂಟು. 1989ರಲ್ಲಿ ಒಂದೇ ಪಂದ್ಯ ಗೆದ್ದ ಕೌಬಾಯ್ಸ್ ತಮ್ಮ ಅತ್ಯುತ್ತಮ ಓಟಗಾರ ಹರ್ಷಲ್ ವಾಕರ್‌ನನ್ನು ಮಿನಿಸೋಟಕ್ಕೆ ಕೊಟ್ಟು ಸರದಿಗಳ ಗಂಟನ್ನೇ ಪಡೆದರು. ತಳದಲ್ಲಿದ್ದರೂ 1990ರ ಮೊದಲ ಸರದಿ ಅವರ ಬಳಿ ಇರಲಿಲ್ಲ. ಹಿಂದಿನ ವರ್ಷದ ಪೂರಕ ಡ್ರಾಫ್ಟ್‌ನಲ್ಲಿ ಅದನ್ನು ಖರ್ಚು ಮಾಡಿಯಾಗಿತ್ತು. ಹದಿನೇಳನೇ ಸರದಿಯಲ್ಲಿ ಎಮಿಟ್ ಸ್ಮಿತ್‌ನನ್ನು ಆರಿಸಿದರು. 1992, 1993, 1995ರ ಸೀಸನ್‌ಗಳ ಸೂಪರ್ ಬೌಲ್ ಅವರದಾಯಿತು. 1989ರ ಮೊದಲ ಸರದಿಯ ಟ್ರಾಯ್ ಏಕ್‌ಮನ್ ಆ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಎಂಬುದನ್ನು ಮರೆಮಾಚುವುದಿಲ್ಲ. ಆದರೆ ಅವನ ಸುತ್ತ ಮನೆ ಕಟ್ಟಿದ್ದು ಆ ಗಂಟಿನಿಂದ.

ಇನ್ನು ಬೇಕೆಂದೇ ಸೋಲುವ ವಿಚಾರ. ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ ಇದಕ್ಕೆ ಹೆದರಿಯೇ 1985ರಿಂದ ಲಾಟರಿ ಎತ್ತುತ್ತಿದೆ, ಎನ್‌ಎಫ್‌ಎಲ್‌ನಲ್ಲಿ ಅದಿಲ್ಲ. ಸೋಲಲಿ ಎನ್ನುವವನು ಮೈದಾನದಲ್ಲಿರುವವರನ್ನು ಒಂದು ಕ್ಷಣ ನೆನೆಯಬೇಕು. ಒಂದೇ ಪಂದ್ಯ ಗೆದ್ದ ತಂಡದ 28 ವರ್ಷದ ಆಟಗಾರನಿಗೆ ಮುಂದಿನ ವರ್ಷ ಬರುವ ಹೊಸ ಹುಡುಗನಿಂದ ಏನು ಸಿಗುತ್ತದೆ? ತನ್ನ ಜಾಗ ಹೋಗುತ್ತದೆ. ಡಿಸೆಂಬರ್‌ನ ಚಳಿಯಲ್ಲಿ ಅವನು ಆಡಿದ ಆಟದ ವಿಡಿಯೋ ನೋಡಿಯೇ ಇನ್ನೊಂದು ತಂಡ ಅವನಿಗೆ ಕೆಲಸ ಕೊಡಬೇಕು. ಮಂಡಿಯನ್ನೂ ತಲೆಯನ್ನೂ ಪಣಕ್ಕಿಟ್ಟು ಆಡುವ ಆಟದಲ್ಲಿ ಅರೆಮನಸ್ಸಿಗೆ ಜಾಗವಿಲ್ಲ. ಸಡಿಲ ಬಿಟ್ಟವನಿಗೇ ಪೆಟ್ಟು ಬೀಳುತ್ತದೆ.

2023ರ ಜನವರಿ 8ರಂದು ಇಂಡಿಯಾನಾಪೊಲಿಸ್‌ನಲ್ಲಿ ನಡೆದದ್ದನ್ನು ನಾನು ಎಷ್ಟೋ ಸಲ ಮತ್ತೆ ಮತ್ತೆ ನೋಡಿದ್ದೇನೆ. ಸೀಸನ್‌ನ ಕಡೆಯ ಪಂದ್ಯ. ಸೋತರೆ ಹ್ಯೂಸ್ಟನ್ ಟೆಕ್ಸನ್ಸ್‌ಗೆ ಮೊದಲ ಸರದಿ ಖಚಿತ. 31-24ರಿಂದ ಹಿಂದಿದ್ದಾರೆ, ಒಂದು ನಿಮಿಷ ಕೂಡ ಉಳಿದಿಲ್ಲ. ನಾಲ್ಕನೇ, ಅಂದರೆ ಕಡೆಯ ಯತ್ನ. ಚೆಂಡು ಉಳಿಯಬೇಕಾದರೆ 20 ಗಜ ಬೇಕು. ಸುಮ್ಮನೆ ಚೆಂಡನ್ನು ನೆಲಕ್ಕೆ ಬಿಟ್ಟರೆ ಎಲ್ಲ ಮುಗಿಯುತ್ತದೆ, ಯಾರೂ ಬೈಯುವುದಿಲ್ಲ. ಡೇವಿಸ್ ಮಿಲ್ಸ್ ಗೆರೆಯಾಚೆಗೆ ಎತ್ತರಕ್ಕೆ ಎಸೆದ, ಜಂಗುಳಿಯ ನಡುವೆ ಜಾರ್ಡನ್ ಏಕಿನ್ಸ್ ಅದನ್ನು ಹಿಡಿದ. ಅಂತರ ಒಂದೇ ಅಂಕಕ್ಕೆ ಇಳಿಯಿತು. ಒಂದು ಅಂಕದ ಕಿಕ್ ಹೊಡೆದು ಸಮ ಮಾಡಿಕೊಳ್ಳಬಹುದಿತ್ತು. ಎರಡು ಅಂಕಕ್ಕೇ ಹೋದರು, ಮತ್ತೆ ಏಕಿನ್ಸ್. 32-31. ಮೊದಲ ಸರದಿ ಶಿಕಾಗೋ ಪಾಲಾಯಿತು. ಅಂದು ರಾತ್ರಿಯೇ ಕೋಚ್ ಲವಿ ಸ್ಮಿತ್ ಅವರನ್ನು ತೆಗೆದುಹಾಕಿದರು.

ಶಿಕಾಗೋದವರಿಂದ ಆ ಸರದಿಯನ್ನು ಕ್ಯಾರಲೈನಾ ಪ್ಯಾಂಥರ್ಸ್ ದುಬಾರಿ ಬೆಲೆಗೆ ಕೊಂಡು ಬ್ರೈಸ್ ಯಂಗ್‌ನನ್ನು ತಂದರು. ಆ ವರ್ಷ ಗೆದ್ದದ್ದು ಎರಡು ಪಂದ್ಯ. ಹ್ಯೂಸ್ಟನ್ ಎರಡನೇ ಸರದಿಯಲ್ಲಿ ಸಿ. ಜೆ. ಸ್ಟ್ರೌಡ್‌ನನ್ನು ತೆಗೆದುಕೊಂಡಿತು, ಅವನು ವರ್ಷದ ಅತ್ಯುತ್ತಮ ಹೊಸಬನೆನಿಸಿ ತಂಡವನ್ನು ಪ್ಲೇಆಫ್‌ಗೆ ಮುಟ್ಟಿಸಿದ, ಅಲ್ಲೊಂದು ಪಂದ್ಯ ಗೆಲ್ಲಿಸಿದ.

ಅದೇ ಜನವರಿ 8ರ ರಾತ್ರಿ ಗ್ರೀನ್ ಬೇ ಊರಿನಲ್ಲಿ ಲಯನ್ಸ್ ಆಡುತ್ತಿದ್ದರು. ಆಟ ಶುರುವಾಗುವ ಮೊದಲೇ ಬೇರೊಂದು ಪಂದ್ಯದ ಫಲಿತಾಂಶದಿಂದ ಅವರಿಗೆ ಪ್ಲೇಆಫ್ ಬಾಗಿಲು ಮುಚ್ಚಿತ್ತು. ಸೋತಿದ್ದರೆ ಸರದಿಯಲ್ಲಿ ಮೇಲೇರಬಹುದಿತ್ತು. 20-16ರಿಂದ ಗೆದ್ದರು. 1-6ರಿಂದ ಶುರುಮಾಡಿದ್ದ ಸೀಸನ್ 9-8ಕ್ಕೆ ಮುಗಿಯಿತು. ಈ ಲಯನ್ಸ್ ಹಳೆಯ ಲಯನ್ಸ್ ಆಗಿರಲಿಲ್ಲ. 2021ರಲ್ಲಿ ಆಡಳಿತವೂ ಕೋಚ್ ಕೂಡ ಬದಲಾಗಿದ್ದರು. ಮೇಲಿನ ಸರದಿಗಳಲ್ಲಿ ಬಂದ ಪೆನೆ ಸೀವೆಲ್, ಏಡನ್ ಹಚಿನ್ಸನ್ ಇಬ್ಬರೂ ಈ ಮನೆಯಲ್ಲಿ ಚಿಗುರಿದರು.

ಮರುವರ್ಷ, 2024ರ ಜನವರಿ 14ರಂದು ಡೆಟ್ರಾಯಿಟ್‌ನಲ್ಲೇ ಪ್ಲೇಆಫ್ ಪಂದ್ಯ. ಎದುರಾಳಿ ರ್‍ಯಾಮ್ಸ್, ಅವರ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್. 16 ಸೋಲಿನ ಬಳುವಳಿಯಾಗಿ 2009ರ ಮೊದಲ ಸರದಿಯಲ್ಲಿ ಲಯನ್ಸ್‌ಗೆ ಬಂದು, ಹನ್ನೆರಡು ವರ್ಷ ಅಲ್ಲಿ ಜೀವ ತೇದು, ಒಂದು ಪ್ಲೇಆಫ್ ಗೆಲುವೂ ಕಾಣದೆ ರ್‍ಯಾಮ್ಸ್‌ಗೆ ಹೋಗಿ ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದವನು. ಇತ್ತ ಲಯನ್ಸ್ ಪರ ನಿಂತವನು ಜ್ಯಾರೆಡ್ ಗಾಫ್, 2016ರ ಮೊದಲ ಸರದಿ. ಸ್ಟ್ಯಾಫರ್ಡ್‌ಗೆ ಬದಲಾಗಿ ರ್‍ಯಾಮ್ಸ್ ಇವನನ್ನು ಕೊಟ್ಟಿತ್ತು, ಇವನೊಬ್ಬನೇ ಸಾಲದೆಂದು ಎರಡು ಮೊದಲ ಸುತ್ತಿನ ಸರದಿಗಳನ್ನೂ ಒಂದು ಮೂರನೇ ಸುತ್ತಿನದನ್ನೂ ಮೇಲೆ ಸೇರಿಸಿ. ಇಡೀ ಕ್ರೀಡಾಂಗಣ ಗಾಫ್‌ನ ಹೆಸರು ಹಿಡಿದು ಕೂಗುತ್ತಿತ್ತು. 24-23ರ ಮುನ್ನಡೆ, ಎರಡು ನಿಮಿಷ ಬಾಕಿ, ಇನ್ನೊಂದು ಹಿಡಿತ ದಕ್ಕಿದರೆ 32 ವರ್ಷಗಳ ಕಾಯುವಿಕೆ ಮುಗಿಯುತ್ತದೆ. ಗಾಫ್ ಚೆಂಡನ್ನು ಅಮಾನ್-ರಾ ಸೇಂಟ್ ಬ್ರೌನ್‌ಗೆ ಎಸೆದ. 2021ರ ನಾಲ್ಕನೇ ಸುತ್ತಿನಲ್ಲಿ, 112ನೆಯವನಾಗಿ ಆಯ್ಕೆಯಾದ ಹುಡುಗ ಅವನು. ತನಗಿಂತ ಮುಂಚೆ ಆ ವರ್ಷ ಆಯ್ಕೆಯಾದ ಹದಿನಾರು ರಿಸೀವರ್‌ಗಳ ಹೆಸರನ್ನು ಸಾಲಾಗಿ ಬಾಯಿಪಾಠ ಒಪ್ಪಿಸಬಲ್ಲವನು. ಚೆಂಡನ್ನು ಎದೆಗವುಚಿಕೊಂಡು ನೆಲಕ್ಕೆ ಬಿದ್ದ.